ಬೀಗ ಪೂರ್ತಿ ಬದಲಿಸಬೇಕೋ, ಪಿನ್ ಬದಲಿಸಿದರೆ ಸಾಕೋ?

ಕೀ ಕಳೆದುಹೋಯಿತು, ಬಾಡಿಗೆಗಿದ್ದವರು ಖಾಲಿ ಮಾಡಿದರು, ಹಳೆಯ ಮನೆ ಕೊಂಡು ಒಳಗೆ ಬಂದಿರಿ. ಮೂರಕ್ಕೂ ಬಾಯಿಗೆ ಬರುವ ಮಾತು ಒಂದೇ: ಲಾಕ್ ಚೇಂಜ್ ಮಾಡಿಸಿಬಿಡೋಣ. ಆದರೆ ಈ ಮೂರು ಸಂದರ್ಭಗಳಲ್ಲೂ ಲಾಕಿಗೆ ಏನೂ ಆಗಿರುವುದಿಲ್ಲ. ಯಾರ ಕೈಯಲ್ಲಿ ಎಷ್ಟು ಕೀ ಇದೆ ಎಂಬ ಲೆಕ್ಕ ತಪ್ಪಿದೆ, ಅಷ್ಟೆ. ಅದಕ್ಕೆ ರೀಕೀ ಸಾಕು: ಲಾಕ್ ಅದೇ ಇರುತ್ತದೆ, ಒಳಗಿನ ಪಿನ್ನುಗಳು ಬದಲಾಗಿ ಹಳೆಯ ಕೀಗಳೆಲ್ಲ ಕೆಲಸಕ್ಕೆ ಬಾರದಂತಾಗುತ್ತವೆ. ಲೋಹ ಸವೆದಿದ್ದರೆ, ಬಗ್ಗಿದ್ದರೆ, ಒಡೆದಿದ್ದರೆ ಆಗ ಬದಲಿಸುವ ಮಾತು. ಅಲ್ಲಿಯೂ ಎಷ್ಟೋ ಸಲ ಸಿಲಿಂಡರ್, ಅಂದರೆ ಕೀ ತೂರಿಸುವ ಭಾಗ, ಒಂದನ್ನೇ ಬದಲಿಸಿದರೆ ಮುಗಿಯುತ್ತದೆ, ಬಾಗಿಲಿಗೆ ಉಳಿ ಮುಟ್ಟಿಸುವ ಅಗತ್ಯವೇ ಬರುವುದಿಲ್ಲ.

ಏನನ್ನಾದರೂ ಬಿಚ್ಚುವ ಮುಂಚೆ ಒಂದು ಪರೀಕ್ಷೆ ಮಾಡಿ. ಬಾಗಿಲು ತೆರೆದಿಟ್ಟುಕೊಂಡು ಕೀ ತಿರುಗಿಸಿ, ಬೋಲ್ಟನ್ನು, ಅಂದರೆ ಚೌಕಟ್ಟಿನೊಳಕ್ಕೆ ಹೊಗುವ ಲೋಹದ ನಾಲಿಗೆಯನ್ನು, ನಾಲ್ಕಾರು ಸಲ ಹೊರಗೆ ಒಳಗೆ ಓಡಿಸಿ. ತೆರೆದಾಗ ಸಲೀಸು, ಮುಚ್ಚಿದಾಗ ಬಿಗಿ ಎಂದಾದರೆ ತಪ್ಪು ಲಾಕಿನದಲ್ಲ. ಹಿಂಜಿನ ಸ್ಕ್ರೂ ಸಡಿಲಾಗಿ ಬಾಗಿಲು ಜೋತಿರುತ್ತದೆ, ಇಲ್ಲವೇ ತೇವಕ್ಕೆ ಮರ ಉಬ್ಬಿರುತ್ತದೆ, ಬೋಲ್ಟ್ ಹೋಗಿ ಚೌಕಟ್ಟಿನ ಪ್ಲೇಟಿಗೆ ಉಜ್ಜುತ್ತಿರುತ್ತದೆ. ಬೋಲ್ಟಿನ ತುದಿಗೆ ಮಾರ್ಕರ್ ಮಸಿ ಹಚ್ಚಿ, ಬಾಗಿಲು ಮುಚ್ಚಿ ಒಮ್ಮೆ ತಿರುಗಿಸಿ. ಪ್ಲೇಟಿನ ಯಾವ ಅಂಚಿಗೆ ತಗಲುತ್ತಿದೆ ಎಂಬುದು ಗುರುತು ಬೀಳುತ್ತದೆ. ಮೇಲಿನ ಹಿಂಜ್ ಬಿಗಿ ಮಾಡಿ, ಅದಕ್ಕೂ ಬಗ್ಗದಿದ್ದರೆ ಪ್ಲೇಟಿನ ಆ ಅಂಚನ್ನು ಅರದಿಂದ ಒಂದೆರಡು ಮಿಲಿಮೀಟರ್ ಉಜ್ಜಿ. ಇದನ್ನು ನೋಡದೆ ಹೊಸ ಲಾಕ್ ಹಾಕಿಸಿದರೆ ಅದೂ ಹಳೆಯದರಷ್ಟೇ ಬಿಗಿಯಾಗಿರುತ್ತದೆ.

ತೆರೆದ ಬಾಗಿಲಲ್ಲೂ ಕೀ ಅಲುಗಾಡಿಸಿಯೇ ತಿರುಗಿಸಬೇಕಾಗಿದ್ದರೆ, ಸವೆದಿರುವುದು ಕೀಯೋ ಲಾಕೋ ಎಂದು ತಿಳಿಯಬೇಕು. ಯಾರೂ ಬಳಸದೆ ಡ್ರಾಯರಿನಲ್ಲಿ ಬಿದ್ದಿರುವ ಮೂಲ ಕೀ ಇದ್ದರೆ ಅದನ್ನು ಹಾಕಿ ನೋಡಿ. ಅದು ಸಲೀಸಾಗಿ ತಿರುಗಿದರೆ ಲಾಕ್ ಚೆನ್ನಾಗಿದೆ, ನಿಮ್ಮ ಜೇಬಿನ ಕೀ ಸವೆದಿದೆ ಅಥವಾ ನಕಲಿನ ನಕಲಾಗಿದೆ. ಕೀ ಅರ್ಧ ತಿರುಗಿರುವಾಗಲೇ ಹೊರಗೆ ಬಂದರೆ, ಬೇರೆ ಯಾವುದೋ ಕೀಗೂ ಲಾಕ್ ತೆರೆದುಕೊಂಡರೆ, ಕೀ ಹಾಕುವ ಭಾಗ ಬೆರಳಲ್ಲಿ ಒತ್ತಿದರೆ ಲೊಡಲೊಡ ಎಂದರೆ ಆ ಸಿಲಿಂಡರಿನ ಆಯುಸ್ಸು ಮುಗಿದಿದೆ. ಅದಕ್ಕೆ ಹೊಸ ಪಿನ್ ಹಾಕುವುದು ವ್ಯರ್ಥ ಕೆಲಸ.

ಒಳಗೆ ಏನಿದೆ

ಮನೆಬಾಗಿಲ ಸಿಲಿಂಡರುಗಳಲ್ಲಿ ಬಹುಪಾಲು ಪಿನ್ ಟಂಬ್ಲರ್ ಜಾತಿಯವು. ಲೈನಸ್ ಯೇಲ್ ಜೂನಿಯರ್ 1860ರ ದಶಕದಲ್ಲಿ ಪೇಟೆಂಟ್ ಪಡೆದ ಏರ್ಪಾಡೇ ಈಗಲೂ ನಡೆಯುತ್ತಿದೆ. ಹೌಸಿಂಗ್ ಎಂಬ ಹೊರಕವಚ, ಅದರೊಳಗೆ ತಿರುಗುವ ಹಿತ್ತಾಳೆಯ ಉರುಳೆ, ಅದೇ ಪ್ಲಗ್. ಹೌಸಿಂಗಿನಿಂದ ಪ್ಲಗ್ಗಿನೊಳಕ್ಕೆ ಐದು ಅಥವಾ ಆರು ತೂತುಗಳು ಇಳಿಯುತ್ತವೆ. ಪ್ರತಿ ತೂತಿನಲ್ಲೂ ಕೆಳಗೊಂದು ಕೀ ಪಿನ್, ಅದರ ಮೇಲೆ ಡ್ರೈವರ್ ಪಿನ್, ಮೇಲೆ ಒತ್ತಿ ಹಿಡಿಯುವ ಸ್ಪ್ರಿಂಗ್. ಐದು ಪಿನ್ನಿನ ಲಾಕ್ ಎಂದರೆ ಹದಿನೈದು ಪುಟ್ಟ ಸಾಮಾನು. ಕೀಯ ಕಡಿತ ಆಳವಿದ್ದಲ್ಲಿ ಕೀ ಪಿನ್ ಉದ್ದ, ಕಡಿತ ಮೇಲಿದ್ದಲ್ಲಿ ಗಿಡ್ಡ. ಸರಿಯಾದ ಕೀ ಹೊಕ್ಕಾಗ ಐದೂ ಕೀ ಪಿನ್ನುಗಳ ತಲೆ ಪ್ಲಗ್ಗಿನ ಮೈಗೆ ಸಮನಾಗಿ ನಿಲ್ಲುತ್ತದೆ, ಪ್ಲಗ್ ತಿರುಗುತ್ತದೆ. ಒಂದು ಪಿನ್ ಮೇಲೆ ಕೆಳಗೆ ಆದರೂ ತಡೆ. ರೀಕೀ ಮಾಡುವಾಗ ಸಾಮಾನ್ಯವಾಗಿ ಬದಲಾಗುವುದು ಕೀ ಪಿನ್ನುಗಳು ಮಾತ್ರ. ಡ್ರೈವರೂ ಸ್ಪ್ರಿಂಗೂ ಇದ್ದಲ್ಲೇ ಇರುತ್ತವೆ.

ಕೀಯ ಕಡಿತಗಳು ನಿಗದಿತ ಆಳಗಳಲ್ಲೇ ಇರುತ್ತವೆ, ಪ್ರತಿ ಆಳಕ್ಕೂ ಒಂದು ಅಂಕಿ. ಅಳತೆಗಳು ಎಷ್ಟು ಸೂಕ್ಷ್ಮ ಎನ್ನಲು ಅಮೆರಿಕದ ಎರಡು ಕಂಪನಿಗಳನ್ನು ನೋಡಿ: ಕ್ವಿಕ್‌ಸೆಟ್ ಲಾಕುಗಳಲ್ಲಿ ಒಂದು ಆಳಕ್ಕೂ ಮುಂದಿನ ಆಳಕ್ಕೂ ಇರುವ ಅಂತರ 0.023 ಇಂಚು, ಶ್ಲೇಜ್‌ನಲ್ಲಿ 0.015 ಇಂಚು, ಅಂದರೆ 0.4 ಮಿಲಿಮೀಟರಿಗೂ ಕಡಿಮೆ. ಕ್ವಿಕ್‌ಸೆಟ್‌ನಲ್ಲಿ 1ರಿಂದ 6ರವರೆಗೆ ಆರು ಆಳ, ಶ್ಲೇಜ್‌ನಲ್ಲಿ 0ಯಿಂದ 9ರವರೆಗೆ ಹತ್ತು. ಐದು ಪಿನ್ನಿಗೆ ಲೆಕ್ಕ ಹಾಕಿದರೆ ಒಂದರಲ್ಲಿ 7,776 ಜೋಡಣೆ, ಇನ್ನೊಂದರಲ್ಲಿ 1,00,000. ಎಲ್ಲವನ್ನೂ ಬಳಸುವಂತಿಲ್ಲ. ಅಕ್ಕಪಕ್ಕದ ಎರಡು ಕಡಿತಗಳ ನಡುವೆ ವ್ಯತ್ಯಾಸ ಹೆಚ್ಚಾದರೆ ಆಳದ ಕಡಿತದ ಇಳಿಜಾರು ಪಕ್ಕದ ಕಡಿತವನ್ನೇ ತಿಂದುಬಿಡುತ್ತದೆ. ಹಾಗಾಗಿ ಕ್ವಿಕ್‌ಸೆಟ್‌ಗೆ 4, ಶ್ಲೇಜ್‌ಗೆ 7 ಅಂಕಿಯ ವ್ಯತ್ಯಾಸ ಮಿತಿ. ಒಂದು ಕಂಪನಿಯ ಪಿನ್ ಕಿಟ್ ಇನ್ನೊಂದಕ್ಕೆ ಹೊಂದದಿರುವುದಕ್ಕೆ ಈ ಅಳತೆಯೇ ಕಾರಣ. ಹತ್ತಿರ ಹತ್ತಿರ ಇದೆಯಲ್ಲ ಎಂದು ಬೇರೆ ಕಿಟ್ಟಿನ ಪಿನ್ ತುರುಕಿದರೆ ಇವತ್ತು ತಿರುಗೀತು, ಧೂಳು ಕೂತ ಮೇಲೆ ಕೈ ಕೊಡುತ್ತದೆ.

ಪಿನ್ ಬದಲಿಸುವ ಕೆಲಸ

ಬೇಕಾದದ್ದು: ಈಗ ಕೆಲಸ ಮಾಡುತ್ತಿರುವ ಒಂದು ಕೀ, ಹೊಸ ಕೀ, ಆ ಲಾಕಿನದೇ ಪಿನ್ ಕಿಟ್, ಚಿಮಟ, ಸಣ್ಣ ಚಪ್ಪಟೆ ಸ್ಕ್ರೂಡ್ರೈವರ್, ಮತ್ತು ಫಾಲೋವರ್. ಫಾಲೋವರ್ ಎಂದರೆ ಪ್ಲಗ್ಗಿನಷ್ಟೇ ದಪ್ಪದ ಒಂದು ದುಂಡು ಕೋಲು, ಮೇಲೆ ಹೇಳಿದ ಎರಡು ಲಾಕುಗಳಿಗೆ ಹೆಚ್ಚುಕಡಿಮೆ ಅರ್ಧ ಇಂಚು. ಕಿಟ್ಟಿನಲ್ಲಿ ಬಾರದಿದ್ದರೆ ಮರದ ದುಂಡುಕೋಲನ್ನು ನಯವಾಗಿ ಉಜ್ಜಿ ಮಾಡಿಕೊಳ್ಳಬಹುದು. ಪೆನ್ನೋ ಪೆನ್ಸಿಲ್ಲೋ ಸಾಕು ಎಂದುಕೊಂಡರೆ ಪಕ್ಕದ ಸಂದಿಯಿಂದ ಡ್ರೈವರುಗಳು ಜಾರಿ ಕೆಳಗಿಳಿಯುತ್ತವೆ. ಕೆಲಸವನ್ನು ಅಂಚಿರುವ ತಟ್ಟೆಯಲ್ಲಿ ಬಟ್ಟೆ ಹಾಸಿಕೊಂಡು ಮಾಡಿ. ಸ್ಪ್ರಿಂಗ್ ಹಾರಿದರೆ ಬರಿಯ ನೆಲದ ಮೇಲೆ ಸಿಗುವುದಿಲ್ಲ.

ಒಳಬದಿಯ ಎರಡು ಸ್ಕ್ರೂ ತೆಗೆದು ಲಾಕ್ ಕಳಚಿ, ಸಿಲಿಂಡರ್ ಹೊರಗೆ ತೆಗೆಯಿರಿ. ಟೇಲ್‌ಪೀಸ್, ಅಂದರೆ ಬೋಲ್ಟನ್ನು ತಿರುಗಿಸುವ ಪಟ್ಟಿ, ಯಾವ ದಿಕ್ಕಿಗೆ ನಿಂತಿತ್ತು ಎಂಬುದರ ಫೋಟೊ ತೆಗೆದಿಟ್ಟುಕೊಳ್ಳಿ. ಪ್ಲಗ್ಗಿನ ಹಿಂತುದಿಯನ್ನು ಹಿಡಿದಿರುವುದು ಒಂದು ಕ್ಲಿಪ್. ಕೆಲವು ಲಾಕುಗಳಲ್ಲಿ ತಿರುಪಿನ ಮುಚ್ಚಳ. ಕ್ಲಿಪ್ಪಿನ ಮೇಲೆ ಹೆಬ್ಬೆರಳಿಟ್ಟುಕೊಂಡೇ ಎಬ್ಬಿಸಿ.

ಈಗ ಹೌಸಿಂಗಿನಲ್ಲಿ ಸ್ಪ್ರಿಂಗ್, ಡ್ರೈವರುಗಳಿರುವ ಉಬ್ಬು ಭಾಗ ಮೇಲ್ಮುಖವಾಗಿರಲಿ. ಹಳೆಯ ಕೀ ಹಾಕಿ ಸ್ವಲ್ಪವೇ, ಇಪ್ಪತ್ತು ಮೂವತ್ತು ಡಿಗ್ರಿ, ತಿರುಗಿಸಿ. ನೆಟ್ಟಗೆ ತಲೆಕೆಳಗಾಗುವಂತೆ ತಿರುಗಿಸಬೇಡಿ, ಕೆಲವು ಲಾಕುಗಳಲ್ಲಿ ಡ್ರೈವರುಗಳು ಕೆಳಗಿನ ಕೀ ಸಂದಿಗೆ ಇಳಿದು ಸಿಕ್ಕಿಕೊಳ್ಳುತ್ತವೆ. ಹಿಂದಿನಿಂದ ಫಾಲೋವರನ್ನು ಪ್ಲಗ್ಗಿಗೆ ಒತ್ತಿ ಹಿಡಿದು ಮುಂದಕ್ಕೆ ತಳ್ಳುತ್ತ ಹೋಗಿ. ಪ್ಲಗ್ ಮುಂಭಾಗದಿಂದ ಹೊರಬರುತ್ತದೆ, ಅದರ ಜಾಗಕ್ಕೆ ಫಾಲೋವರ್ ಹೋಗುತ್ತದೆ. ಇವೆರಡರ ನಡುವೆ ಉಗುರು ತೂರುವಷ್ಟೂ ಸಂದಿ ಬಿಡಬಾರದು. ಇಡೀ ಕೆಲಸದಲ್ಲಿ ಜನ ಎಡವುವುದು ಈ ಹಂತದಲ್ಲೇ: ಪ್ಲಗ್ ಬಂತಲ್ಲ ಎಂದು ಆತುರದಿಂದ ಎಳೆಯುತ್ತಾರೆ, ಫಾಲೋವರ್ ಹಿಂದುಳಿಯುತ್ತದೆ, ಟಪಟಪ ಎಂದು ಡ್ರೈವರು ಸ್ಪ್ರಿಂಗು ಉದುರುತ್ತವೆ.

ಪ್ಲಗ್ ಕೈಗೆ ಬಂದ ಮೇಲೆ ಹಳೆಯ ಕೀ ತೆಗೆದು, ಬೋರಲು ಹಾಕಿ ಕೀ ಪಿನ್ನುಗಳನ್ನು ಸುರಿದುಬಿಡಿ. ಅಪಾರ್ಟ್‌ಮೆಂಟ್, ಹಾಸ್ಟೆಲ್‌ಗಳಲ್ಲಿ ಮಾಸ್ಟರ್ ಕೀ ಇದ್ದ ಲಾಕಾಗಿದ್ದರೆ ಬಿಲ್ಲೆಯಂಥ ತೆಳು ಪಿನ್ನುಗಳೂ ಬೀಳುತ್ತವೆ. ಅವನ್ನು ವಾಪಸು ಹಾಕಬೇಡಿ. ಅಂಥದ್ದೊಂದು ಒಳಗೇ ಉಳಿದರೆ ಆ ತೂತಿನಲ್ಲಿ ಪ್ಲಗ್ ತಿರುಗಲು ಎರಡು ಎತ್ತರ ಸಿಗುತ್ತದೆ, ಬೇರೆ ಕೀಗೆ ದಾರಿ ತೆರೆದಿಟ್ಟಂತೆ.

ಹೊಸ ಕೀಯನ್ನು ಪೂರ್ತಿ ಒಳಗೆ ತಳ್ಳಿ. ಅದರ ಕೋಡ್, ಅಂದರೆ ಕಡಿತಗಳ ಆಳದ ಅಂಕಿಗಳ ಸಾಲು, 3-5-2-4-1 ಎಂದಿದ್ದರೆ ಹಿಡಿಯ ಕಡೆಯಿಂದ ತುದಿಯ ಕಡೆಗೆ ಅದೇ ಕ್ರಮದಲ್ಲಿ ಪಿನ್ ಇಳಿಸಿ, ಮೊನಚು ತುದಿ ಕೆಳಗೆ. ಆಮೇಲೆ ಬೆರಳ ತುದಿಯನ್ನು ಪ್ಲಗ್ಗಿನ ಮೇಲೆ ಆಡಿಸಿ. ಎಲ್ಲೂ ಉಬ್ಬು ತಗಲಬಾರದು, ತಗ್ಗೂ ಇರಬಾರದು. ಕಣ್ಣಿಗಿಂತ ಬೆರಳಿಗೆ ಇದು ಚೆನ್ನಾಗಿ ಗೊತ್ತಾಗುತ್ತದೆ. ಒಂದು ಪಿನ್ ಚೂರು ಮೇಲಿದ್ದರೆ ಒಂದಂಕಿ ಚಿಕ್ಕದು ಹಾಕಿ. ಅರದಿಂದ ಸವರಿ ಸಮ ಮಾಡುವವರಿದ್ದಾರೆ. ಅದು ಒರಟು ಕೆಲಸ. ಪಿನ್ನಿನ ತಲೆಯ ದುಂಡು ಹೋಗಿ ಅಂಚು ಚೂಪಾಗುತ್ತದೆ, ಪ್ಲಗ್ಗಿನ ಮೈ ಗೀರುತ್ತದೆ, ಹಿತ್ತಾಳೆ ಪುಡಿ ಒಳಗೆ ಉಳಿಯುತ್ತದೆ.

ವಾಪಸು ಹಾಕುವಾಗಲೂ ಪ್ಲಗ್ಗನ್ನು ಅದೇ ಇಪ್ಪತ್ತು ಮೂವತ್ತು ಡಿಗ್ರಿ ವಾಲಿಸಿಯೇ ಹಿಡಿದು ಫಾಲೋವರನ್ನು ಹಿಂದಕ್ಕೆ ತಳ್ಳುತ್ತ ಒಳಗೆ ಸೇರಿಸಿ. ನೆಟ್ಟಗೆ ಹಿಡಿದರೆ ಪ್ಲಗ್ ಜಾರುವ ದಾರಿಯಲ್ಲೇ ಮೊದಲ ಡ್ರೈವರ್ ತನ್ನದಲ್ಲದ ತೂತಿಗೆ ಬಿದ್ದು ಅರ್ಧದಲ್ಲಿ ಬಿಗಿದುಕೊಳ್ಳುತ್ತದೆ. ಪೂರ್ತಿ ಕೂತ ಮೇಲೆ ನೆಟ್ಟಗೆ ತಿರುಗಿಸಿ, ಎರಡೂ ಕಡೆಗೆ ಆಡಿಸಿ ನೋಡಿ. ಕ್ಲಿಪ್ ಹಾಕುವ ತನಕ ಕೀ ಎಳೆಯಬೇಡಿ. ಎಳೆದರೆ ಪ್ಲಗ್ಗೂ ಕೀ ಜೊತೆಗೇ ಹೊರಬರುತ್ತದೆ, ಕೆಲಸ ಮೊದಲಿನಿಂದ ಶುರು.

ಬಾಗಿಲಿಗೆ ಕೂರಿಸುವಾಗ ಟೇಲ್‌ಪೀಸ್ ಫೋಟೊದಲ್ಲಿದ್ದಂತೆಯೇ ಇರಲಿ. ಕೀ ತಿರುಗುತ್ತದೆ ಆದರೆ ಹೊರಗೆ ಬರುವುದಿಲ್ಲ, ಅಥವಾ ಬೋಲ್ಟ್ ಮುಕ್ಕಾಲು ಮಾತ್ರ ಹೊರಡುತ್ತದೆ ಎಂದರೆ ಆ ಪಟ್ಟಿ ತಪ್ಪು ಕೋನದಲ್ಲಿ ಕೂತಿದೆ. ಎರಡು ಸ್ಕ್ರೂಗಳನ್ನು ಜೋರು ಹಾಕಿ ಬಿಗಿದರೂ ಲಾಕ್ ಹಿಡಿದುಕೊಳ್ಳುತ್ತದೆ. ಕಾಲು ಸುತ್ತು ಸಡಿಲಿಸಿ ನೋಡಿ. ಪರೀಕ್ಷೆಯೆಲ್ಲ ಬಾಗಿಲು ತೆರೆದಿಟ್ಟೇ ಆಗಲಿ. ಹಳೆಯ ಕೀ ಹಾಕಿ ತಿರುಗುವುದಿಲ್ಲ ಎಂದು ಖಾತರಿ ಮಾಡಿಕೊಳ್ಳುವುದೂ ಪರೀಕ್ಷೆಯ ಭಾಗವೇ. ಎಣ್ಣೆ ಬಿಡಬೇಡಿ, ಧೂಳು ಅಂಟಿ ಸ್ಪ್ರಿಂಗ್ ಮೇಲೆ ಜಿಡ್ಡು ಕಟ್ಟುತ್ತದೆ. ಗ್ರಾಫೈಟ್ ಪುಡಿ ಅಥವಾ ಒಣ ಟೆಫ್ಲಾನ್ ಸ್ಪ್ರೇ ಸಾಕು, ಎರಡನ್ನೂ ಒಟ್ಟಿಗೆ ಬೇಡ.

ಡ್ರೈವರುಗಳು ಉದುರಿಯೇ ಹೋದರೆ ಗಾಬರಿ ಬೇಡ. ಫಾಲೋವರನ್ನು ತುಸು ಹಿಂದಕ್ಕೆಳೆದು ಒಂದು ತೂತು ಮಾತ್ರ ತೆರೆದುಕೊಳ್ಳುವಂತೆ ಮಾಡಿ, ಮೊದಲು ಸ್ಪ್ರಿಂಗ್, ಆಮೇಲೆ ಡ್ರೈವರ್ ಇಟ್ಟು ಚಿಮಟದಿಂದ ಒತ್ತಿ, ಫಾಲೋವರನ್ನು ಅದರ ಮೇಲೆ ಜಾರಿಸಿ, ಮುಂದಿನದಕ್ಕೆ ಹೋಗಿ. ಉದುರಿದ ಡ್ರೈವರುಗಳು ಒಂದೇ ಉದ್ದವಿವೆಯೋ ನೋಡಿ. ಕೆಲವು ತಯಾರಕರು ಗಿಡ್ಡ ಕೀ ಪಿನ್ನಿಗೆ ಉದ್ದ ಡ್ರೈವರ್, ಉದ್ದ ಕೀ ಪಿನ್ನಿಗೆ ಗಿಡ್ಡ ಡ್ರೈವರ್ ಎಂದು ಜೋಡಿ ಮಾಡಿರುತ್ತಾರೆ. ಅಂಥ ಲಾಕಿನಲ್ಲಿ ಕೀ ಪಿನ್ ಮಾತ್ರ ಬದಲಿಸಿದರೆ ಉದ್ದದ ಮೇಲೆ ಉದ್ದ ಬಿದ್ದು ಸ್ಪ್ರಿಂಗ್ ಪೂರ್ತಿ ಅಮುಕಿ, ಕೀ ಒಳಗೇ ಹೋಗುವುದಿಲ್ಲ. ನಡುವೆ ಸಣ್ಣ ಸೊಂಟವಿರುವ ಡ್ರೈವರ್ ಸಿಕ್ಕರೆ ಅದು ಸವೆದದ್ದಲ್ಲ, ಕಳ್ಳಕಡ್ಡಿಗೆ ಸಿಗದಿರಲೆಂದು ಮಾಡಿದ್ದು. ಸಾದಾ ಪಿನ್ ಹಾಕಿ ಅದನ್ನು ಎಸೆಯಬೇಡಿ.

ಇನ್ನೊಂದು ಮಾತು, ಹೊಸ ಕೀ ಬಗ್ಗೆ. ಅದನ್ನು ಕೋಡ್ ಪ್ರಕಾರ ಕತ್ತರಿಸಿದ್ದಾಗಿರಬೇಕು. ಸವೆದ ಕೀಯ ನಕಲನ್ನು ಒಳಗಿಟ್ಟು ಅದಕ್ಕೆ ತಕ್ಕಂತೆ ಪಿನ್ ಕೂರಿಸಿದರೆ ಲಾಕೇ ಆ ದೋಷಕ್ಕೆ ಹೊಂದಿಕೊಂಡಂತಾಗುತ್ತದೆ. ಮುಂದೆ ಸರಿಯಾಗಿ ಕತ್ತರಿಸಿದ ಕೀ ತಂದರೆ ಅದೇ ತಿರುಗುವುದಿಲ್ಲ. ಎಲ್ಲ ಕಡಿತವೂ ಒಂದೇ ಮಟ್ಟದಲ್ಲಿರುವ ಅಥವಾ ಮೆಟ್ಟಿಲಿನಂತೆ ಒಂದೇ ಸಮನೆ ಇಳಿಯುವ ಕೀಯನ್ನೂ ಒಪ್ಪಬೇಡಿ.

ಮುಂಬಾಗಿಲು, ಹಿತ್ತಿಲ ಬಾಗಿಲು, ಗ್ಯಾರೇಜು ಎಲ್ಲಕ್ಕೂ ಒಂದೇ ಕೀ ಬೇಕೆಂದರೂ ರೀಕೀಯೇ ದಾರಿ. ಷರತ್ತು ಒಂದೇ: ಎಲ್ಲ ಲಾಕುಗಳ ಕೀ ಸಂದಿಯ ಆಕಾರ ಒಂದೇ ಆಗಿರಬೇಕು. ಬೇರೆ ಬೇರೆ ಕಂಪನಿಯ ಲಾಕುಗಳಿದ್ದರೆ ಸಾಮಾನ್ಯವಾಗಿ ಕೀ ಒಳಗೇ ಹೋಗುವುದಿಲ್ಲ, ಪಿನ್ ಬದಲಿಸಿ ಏನು ಫಲ? ಅಂಥಲ್ಲಿ ಹೊಂದದ ಆ ಲಾಕನ್ನು ಬದಲಿಸುವುದೇ ಲೇಸು.

ಪಿನ್ನೇ ಮುಟ್ಟದೆ ಕೀ ಬದಲಿಸುವ ಲಾಕುಗಳೂ ಇವೆ. ಕ್ವಿಕ್‌ಸೆಟ್‌ನ ಸ್ಮಾರ್ಟ್‌ಕೀ ಅಂಥದ್ದು. ಕೆಲಸ ಮಾಡುವ ಕೀ ಹಾಕಿ ಬಲಕ್ಕೆ ಕಾಲು ಸುತ್ತು ತಿರುಗಿಸಿ, ಪಕ್ಕದ ಸಣ್ಣ ಸಂದಿಗೆ ಸಲಕರಣೆ ಒತ್ತಿ ತೆಗೆದು, ಹಳೆಯ ಕೀ ಎಳೆದು ಹೊಸದು ಹಾಕಿ ತಿರುಗಿಸಿದರೆ ಆಯಿತು. ಹೊಸ ಕೀ ಒಂದು ಕೂದಲೆಳೆ ಕಡಿಮೆ ಹೊಕ್ಕಿದ್ದರೂ ಲಾಕ್ ತಪ್ಪು ಆಳವನ್ನೇ ಕಲಿತುಬಿಡುತ್ತದೆ, ಆಮೇಲೆ ಹಳೆಯದೂ ಇಲ್ಲ ಹೊಸದೂ ಇಲ್ಲ. ಕೀ ತಡೆಯುವ ತನಕ ಒತ್ತಿ.

ರೀಕೀ ಮಾಡಿದರೆ ಏನಾಗುವುದಿಲ್ಲ

ಲಾಕ್ ಗಟ್ಟಿಯಾಗುವುದಿಲ್ಲ. ಡ್ರಿಲ್ಲಿಗೆ ಎಷ್ಟು ಹೊತ್ತು ತಡೆಯುತ್ತಿತ್ತೋ ಅಷ್ಟೇ. ಕೈಯಲ್ಲಿ ಕೆಲಸ ಮಾಡುವ ಕೀ ಒಂದೂ ಇಲ್ಲದಿದ್ದರೆ ಮನೆಯಲ್ಲಿ ಕೂತು ಈ ಕೆಲಸ ಮಾಡಲು ಹೋಗಬೇಡಿ. ಕೀ ಇಲ್ಲದೆ ಪ್ಲಗ್ ತಿರುಗಿಸುವುದು ಕಸುಬುದಾರರ ಕೆಲಸ, ಅವರ ಕೂಲಿಗೂ ಹೊಸ ಸಿಲಿಂಡರಿಗೂ ವ್ಯತ್ಯಾಸ ನೋಡಿ ತೀರ್ಮಾನಿಸಿ. ಕಳ್ಳರು ಕೈಯಾಡಿಸಿದ ಲಾಕ್, ಸ್ಕ್ರೂಡ್ರೈವರ್ ಗೀಚಿರುವ ಕೀ ಸಂದಿ, ತುಕ್ಕು ಹಿಡಿದ ಸ್ಪ್ರಿಂಗ್, ಇನ್ನೂ ಕತ್ತರಿಸದ ಖಾಲಿ ಕೀ (ಬ್ಲ್ಯಾಂಕ್) ಸಿಗದಷ್ಟು ಹಳೆಯ ಮಾಡೆಲ್ ಇವಕ್ಕೆಲ್ಲ ರೀಕೀ ಬೇಡ.

ಸಿಲಿಂಡರ್ ಮಾತ್ರ

ಬಾಗಿಲ ಹಿಡಿಯ ಕೆಳಗೆ, ಮೇಲ್ಭಾಗ ಗುಂಡು, ಕೆಳಗೆ ಬಾಲ ಇಳಿಬಿಟ್ಟಂಥ ಆಕಾರದ ಸಿಲಿಂಡರ್ ಕಂಡರೆ ಅದು ಯೂರೋ ಪ್ರೊಫೈಲ್. ಇದನ್ನು ರೀಕೀ ಮಾಡಬಹುದು, ಆದರೆ ಎರಡು ಬದಿಗೂ ಪಿನ್ನು, ನಡುವೆ ಬೋಲ್ಟನ್ನು ಓಡಿಸುವ ಕ್ಯಾಮ್ ಎಂಬ ಮೂಗು, ಎರಡು ಕ್ಲಿಪ್ಪು. ಮನೆಬಳಕೆಗೆ ಬದಲಿಸುವುದೇ ಸರಳ. ಬಾಗಿಲ ಅಂಚಿನ ಪಟ್ಟಿಯಲ್ಲಿ ಸಿಲಿಂಡರಿನ ನೇರಕ್ಕಿರುವ ಉದ್ದನೆಯ ಎಂ5 ಸ್ಕ್ರೂ ಬಿಚ್ಚಿ. ಕೀ ಹಾಕಿ ಹತ್ತು ಹದಿನೈದು ಡಿಗ್ರಿ ತಿರುಗಿಸುತ್ತ ಮೆಲ್ಲಗೆ ಎಳೆಯಿರಿ. ಕ್ಯಾಮ್ ಮೈಯ ನೇರಕ್ಕೆ ಬಂದ ಕೂಡಲೇ ಸಿಲಿಂಡರ್ ಜಾರಿ ಬರುತ್ತದೆ. ಬಾರದಿದ್ದರೆ ಸುತ್ತಿಗೆ ತೆಗೆದುಕೊಳ್ಳಬೇಡಿ, ಕೋನ ಬದಲಿಸಿ.

ಅಳತೆ ತೆಗೆಯುವಾಗ ಸ್ಕ್ರೂ ತೂತಿನ ನಡುಬಿಂದುವಿನಿಂದ ಎರಡು ತುದಿಗೂ ಬೇರೆ ಬೇರೆ ಅಳೆಯಬೇಕು. ಒಟ್ಟು 80 ಮಿಲಿಮೀಟರ್ ಎಂದರೆ 40/40 ಆಗಿರಬಹುದು, 35/45 ಆಗಿರಬಹುದು. ಹೊರಬದಿ ಯಾವುದು ಎಂದು ಬರೆದುಕೊಳ್ಳಿ. ಹೊರಗಿನ ತುದಿ ಹಿಡಿಯ ಪ್ಲೇಟಿನಿಂದ ಎರಡು ಮೂರು ಮಿಲಿಮೀಟರಿಗಿಂತ ಹೆಚ್ಚು ಮುಂದೆ ಚಾಚಬಾರದು. ಈ ಜಾತಿಯ ಸಿಲಿಂಡರಿನ ದುರ್ಬಲ ಜಾಗ ನಡುವಿನ ಸ್ಕ್ರೂ ತೂತು. ಚಾಚಿದ ತುದಿಯನ್ನು ಇಕ್ಕಳದಲ್ಲಿ ಹಿಡಿದು ಬಗ್ಗಿಸಿದರೆ ಅಲ್ಲೇ ಮುರಿಯುತ್ತದೆ. ಹೇಗೂ ಬದಲಿಸುತ್ತಿದ್ದೀರಿ, ಮುರಿದರೂ ಹೊರತುದಿ ಮಾತ್ರ ಹೋಗಿ ಉಳಿದದ್ದು ನಿಲ್ಲುವ ಆ್ಯಂಟಿ ಸ್ನ್ಯಾಪ್ ಮಾದರಿಯನ್ನೇ ಕೇಳಿ. ಒಳಗಡೆ ಕೀ ಸಿಕ್ಕಿಸಿಟ್ಟಿದ್ದರೂ ಹೊರಗಿನ ಕೀ ಕೆಲಸ ಮಾಡುತ್ತದೆಯೇ ಎಂಬುದನ್ನೂ ವಿಚಾರಿಸಿ. ಸಾದಾ ಮಾದರಿಗಳಲ್ಲಿ ಮಾಡುವುದಿಲ್ಲ. ಒಳಗೆ ಕೀ ಬದಲು ತಿರುಗಿಸುವ ಗುಬುಟು ಇರುವುದು ನನ್ನ ಆಯ್ಕೆ. ಬೆಂಕಿ ಬಿದ್ದ ಹೊತ್ತಿನಲ್ಲಿ ಕೀ ಹುಡುಕುವ ಪರಿಸ್ಥಿತಿ ಬರಬಾರದು, ಬಾಗಿಲಲ್ಲಿ ಗಾಜಿದ್ದರೆ ಮಾತ್ರ ಯೋಚಿಸಿ, ಅದನ್ನು ಒಡೆದು ಕೈ ಹಾಕಿ ಗುಬುಟು ತಿರುಗಿಸಬಹುದು.

ಬಾಗಿಲ ಒಳಮೈಗೆ ಪೆಟ್ಟಿಗೆ ಬಡಿದಂತಿರುವ ನೈಟ್ ಲ್ಯಾಚುಗಳಲ್ಲೂ ದುಂಡು ಸಿಲಿಂಡರ್ ಬೇರೆ ಸಿಗುತ್ತದೆ. ಅದರ ಬಾಲದ ಪಟ್ಟಿಯನ್ನೂ ಎರಡು ಸ್ಕ್ರೂಗಳನ್ನೂ ಬಾಗಿಲ ದಪ್ಪಕ್ಕೆ ತಕ್ಕಂತೆ ಗೀರು ಇರುವಲ್ಲಿ ಮುರಿದುಕೊಳ್ಳಬೇಕು. ಪಟ್ಟಿ ಒಳಮೈಯಿಂದ ಹತ್ತು ಹದಿನೈದು ಮಿಲಿಮೀಟರ್ ಹೊರಗಿರಲಿ. ಗಿಡ್ಡವಾದರೆ ಕೀ ಸುಮ್ಮನೆ ತಿರುಗುತ್ತದೆ.

ಪೂರ್ತಿ ಬದಲಿಸಲೇಬೇಕಾದಾಗ

ಲೀವರ್ ಲಾಕುಗಳು ಹೆಚ್ಚಾಗಿ ಈ ಗುಂಪಿಗೆ ಬೀಳುತ್ತವೆ. ಉದ್ದ ಸರಳಿನ ತುದಿಯಲ್ಲಿ ಧ್ವಜದಂತೆ ಹಲ್ಲಿರುವ ಕೀ ಇವುಗಳದು. ಒಳಗೆ ಒಂದರ ಮೇಲೊಂದು ಪೇರಿಸಿದ ಲೀವರ್ ಎಂಬ ತಗಡುಗಳು. ಎಲ್ಲವೂ ಸರಿಯಾದ ಎತ್ತರಕ್ಕೆ ಎದ್ದಾಗ ಬೋಲ್ಟಿನ ಗೂಟ ಅವುಗಳ ಸಂದಿಯಲ್ಲಿ ತೂರುತ್ತದೆ. ಪೆಟ್ಟಿಗೆಯ ಮುಚ್ಚಳ ಸ್ಕ್ರೂನದಾಗಿದ್ದರೆ ಲೀವರುಗಳ ಕ್ರಮ ಬದಲಿಸಿ ಅದಕ್ಕೆ ಹೊಸ ಕೀ ಕತ್ತರಿಸಬಹುದು. ಆದರೆ ಒಳಗಿನಿಂದಲೂ ಹೊರಗಿನಿಂದಲೂ ಒಂದೇ ಕೀ ನಡೆಯುವ ಲಾಕಿನಲ್ಲಿ ಸಾಮಾನ್ಯವಾಗಿ ಕೀಯ ಹಲ್ಲು ಎರಡು ಕಡೆಯಿಂದಲೂ ಒಂದೇ ಥರ ಇರಬೇಕಾಗುತ್ತದೆ, ಹಾಗಾಗಿ ಮೊದಲ ಮತ್ತು ಕೊನೆಯ ಲೀವರುಗಳನ್ನು ಜೋಡಿಯಾಗಿಯೇ ಸರಿಸಬೇಕು. ಬದಲಾವಣೆಗೆ ಸಿಗುವ ಅವಕಾಶ ಕಡಿಮೆ. ಮುಚ್ಚಳ ರಿವೆಟ್ ಹೊಡೆದದ್ದಾದರೆ ಆ ಮಾತೇ ಇಲ್ಲ, ಹೊಸ ಲಾಕ್ ತನ್ನಿ.

ತರುವ ಮೊದಲು ಹಳೆಯದರ ಅಳತೆ ಇರಲಿ: ಬಾಗಿಲ ಅಂಚಿನಿಂದ ಕೀ ತೂತಿನ ನಡುವಿಗೆ ಎಷ್ಟು, ಹಿಡಿಯ ಸರಳಿನಿಂದ ಕೀ ತೂತಿಗೆ ಎಷ್ಟು, ಅಂಚಿನ ಪಟ್ಟಿಯ ಉದ್ದಗಲ, ಬಾಗಿಲ ದಪ್ಪ. ದುಂಡು ತೂತಿನಲ್ಲಿ ಕೂರುವ, ಸ್ಪ್ರಿಂಗ್ ಇಲ್ಲದೆ ತಿರುಗಿಸಿಯೇ ಓಡಿಸುವ ಡೆಡ್‌ಬೋಲ್ಟುಗಳಲ್ಲಿ ಮೊದಲ ಅಳತೆ ಬಹುತೇಕ 60 ಅಥವಾ 70 ಮಿಲಿಮೀಟರ್, ದೊಡ್ಡ ತೂತು 54 ಮಿಲಿಮೀಟರ್. ಹೊಸದು ಹಳೆಯದಕ್ಕಿಂತ ಸಣ್ಣದಾದರೆ ಸಂದಿಗೆ ಮರದ ತುಂಡು ಅಂಟಿಸಿ ತುಂಬಬೇಕು, ದೊಡ್ಡದಾದರೆ ಉಳಿಯಿಂದ ಕೊರೆಯಬೇಕು. ತೆಳು ಬಾಗಿಲಲ್ಲಿ ಕೊರೆದಷ್ಟೂ ಮರ ಬಲಗುಂದುತ್ತದೆ. ಅದಕ್ಕೇ ಅಳತೆ ಹೊಂದುವ ಲಾಕಿಗಾಗಿ ಎರಡು ಅಂಗಡಿ ಹೆಚ್ಚು ತಿರುಗಿದರೂ ನಷ್ಟವಿಲ್ಲ. ಬೋಲ್ಟ್ ಕನಿಷ್ಠ 25 ಮಿಲಿಮೀಟರ್ ಹೊರಚಾಚುವಂಥದ್ದಿರಲಿ. ಮರದ ಚೌಕಟ್ಟಾದರೆ ಪ್ಲೇಟಿನ ಜೊತೆ ಬರುವ ಪುಟ್ಟ ಸ್ಕ್ರೂ ಬಿಟ್ಟು 75 ಮಿಲಿಮೀಟರಿನದು ಹಾಕಿ, ಚೌಕಟ್ಟನ್ನು ದಾಟಿ ಹಿಂದಿನ ಗಟ್ಟಿ ಮರ ಹಿಡಿಯುವಂತೆ. ಒದ್ದಾಗ ಮೊದಲು ಸೋಲುವುದು ಎಷ್ಟೋ ಸಲ ಲಾಕಲ್ಲ, ಆ ಪುಟ್ಟ ಸ್ಕ್ರೂ ಹಿಡಿದಿದ್ದ ಮರದ ಸಿಬಿರು.

ನಂಬರ್ ಒತ್ತುವ ಡಿಜಿಟಲ್ ಲಾಕ್ ಇದ್ದವರು ಕೋಡ್ ಬದಲಿಸಿ ನಿರಾಳರಾಗುತ್ತಾರೆ. ಬ್ಯಾಟರಿ ಕೈಕೊಟ್ಟಾಗಿನ ಆಸರೆಗೆಂದು ಅವುಗಳಲ್ಲಿ ಹಲವಕ್ಕೆ ಮುಚ್ಚಳದ ಕೆಳಗೆ ಸಾದಾ ಕೀ ಸಿಲಿಂಡರ್ ಇರುತ್ತದೆ. ಹಿಂದಿದ್ದವರ ಬಳಿ ಆ ಕೀ ಉಳಿದಿದ್ದರೆ ನೀವು ಬದಲಿಸಿದ ಕೋಡಿಗೂ ಅವರಿಗೂ ಸಂಬಂಧವೇ ಇಲ್ಲ. ಆ ಸಿಲಿಂಡರನ್ನೂ ರೀಕೀ ಮಾಡಿಸಿ, ಆಗದ ಮಾದರಿಯಾದರೆ ಬದಲಿಸಿ.